ಸಿರಿಲ್ ಹಾಕಿದ ಸಿಮೆಂಟು

ಸ್ಟೋವರ್ಟನ್ನಿನ ಸಂತೆ ಚೌಕದಲ್ಲಿ ಮ್ಯೂರಿಯಲ್ ಥರ್ಕೆಟಲ್‌ಳ ಮನೆಯದಷ್ಟು ನುಣುಪಾದ ಗೋಡೆ ಇನ್ನೊಂದಿರಲಿಲ್ಲ. ಓಕ್ ಮರದ ಚೌಕಟ್ಟಿಗೆ ಜೇಡಿಮಣ್ಣು ಮೆತ್ತಿ ಕಟ್ಟಿದ, ಶತಮಾನಗಳಷ್ಟು ಹಳೆಯ ಮನೆ ಅದು. ಅವಳು ಮದುವೆಯಾಗಿ ಬಂದಾಗ ಪ್ರತಿ ಚಳಿಗಾಲವೂ ಸುಣ್ಣದ ಗಾರೆ ಉದುರುತ್ತಿತ್ತು. ಹಾಲಿನ ಗಾಡಿ ಓಡಿಸುತ್ತಿದ್ದ ಗಂಡ ಸಿರಿಲ್, ಹೆಂಡತಿ ಥಂಡಿಯಲ್ಲಿ ಇರಬಾರದೆಂದು ಒಂದು ಬೇಸಿಗೆಯಲ್ಲಿ ತಾನೇ ನಿಂತು ಗೋಡೆಗೆಲ್ಲ ಸಿಮೆಂಟು ಹಾಕಿದ. ಗುರುವಾರದ ಸಂತೆಗೆ ಬಂದವರು ನಿಂತು ನೋಡಿ ಹೋಗುತ್ತಿದ್ದರು. ಪಕ್ಕದ ಮನೆಯ ಐವಿ ಗ್ಯಾರಡ್ ತನ್ನ ಗೋಡೆಗೂ ಹಾಕಿಕೊಡೆಂದು ಬೆನ್ನು ಹತ್ತಿದಳು. ಸಿರಿಲ್ ಅದನ್ನೂ ಮಾಡಿಕೊಟ್ಟ.

ಆಮೇಲೆ ಆ ಸಾಲಿನ ಮನೆಗಳೆಲ್ಲ ಪುರಾತನ ಕಟ್ಟಡಗಳೆಂದು ಸರ್ಕಾರದ ರಕ್ಷಣೆಗೆ ಸೇರಿದವು. ಅಪ್ಪಣೆಯಿಲ್ಲದೆ ಏನನ್ನೂ ಬದಲಿಸುವಂತಿರಲಿಲ್ಲ. ಸಿರಿಲ್‌ನ ಕೈಕೆಲಸವೂ ಇನ್ನು ಭದ್ರವಾಯಿತೆಂದು ಮ್ಯೂರಿಯಲ್ ಒಳಗೊಳಗೇ ಹಿಗ್ಗಿದಳು. ಅವನು ತೀರಿಕೊಂಡ ಮೇಲೂ ಶನಿವಾರ ಚರ್ಚಿನ ಹಿತ್ತಾಳೆ ಸಾಮಾನು ತಿಕ್ಕಿ ಬರುವಾಗ ಆ ಗೋಡೆಯನ್ನೊಮ್ಮೆ ಸವರಿಯೇ ಒಳಗೆ ಹೋಗುತ್ತಿದ್ದಳು.

ಈ ವಸಂತದಲ್ಲಿ ಕಿಟಕಿಯ ಕೆಳಗೆ ತೇವ ಕಾಣಿಸಿತು. ಅಪ್ಪಣೆ ಸಿಕ್ಕಿದ ಮೇಲೆ ಗಾರೆ ಕೆಲಸದ ಕ್ಯಾಚ್‌ಪೋಲ್ ಬಂದು ಉಳಿ ಇಟ್ಟ. ಸಿಮೆಂಟು ಒಂದೇ ಹಲಗೆಯಾಗಿ ಕಳಚಿ ಬಿತ್ತು. ಹಿಂದಿದ್ದ ಕಂಬಕ್ಕೆ ಅವನು ಬೆರಳು ಚುಚ್ಚಿದರೆ, ಓಕ್ ಮರ ನೆನೆದ ಚಹಾಪುಡಿಯಂತೆ ಕೈಗೆ ಬಂತು. ಮ್ಯೂರಿಯಲ್ ಅದನ್ನು ಕಂಬವೆಂದು ಒಪ್ಪಲಾರದೆ ನಿಂತಳು.

"ಸುಣ್ಣ ಆಗಿದ್ರೆ ಗೋಡೆ ಉಸಿರಾಡ್ತಿತ್ತು. ಸಿಮೆಂಟು ನೀರನ್ನ ಒಳಗೇ ಕೂಡಿ ಹಾಕಿದೆ," ಎಂದ ಅವನು. "ಯಾರು ಹಾಕಿದ್ದಮ್ಮಾ ಇದನ್ನ?"

"ಯಾರೋ," ಎಂದಳು ಮ್ಯೂರಿಯಲ್.

ಆ ಮಾತು ತನ್ನ ಬಾಯಿಂದಲೇ ಬಂತೆಂದು ಅವಳಿಗೇ ನಂಬಲಾಗಲಿಲ್ಲ. ಕ್ಯಾಚ್‌ಪೋಲ್ ಮಾಳಿಗೆ ಕುಸಿಯದಂತೆ ಆಸರೆಗಂಬ ಕೊಡುತ್ತ, ಪಕ್ಕದ ಗೋಡೆಯೂ ಅದೇ ಕೈಯ ಕೆಲಸದಂತಿದೆ ಎಂದು ಗೊಣಗಿದ. ಐವಿ ಮಲಗುವುದು ಆ ಗೋಡೆಗೆ ಅಂಟಿದ ಮಹಡಿಯ ಕೋಣೆಯಲ್ಲಿ. ಬಾಯಿ ಬಿಟ್ಟರೆ ಸಿರಿಲ್‌ನ ಹೆಸರು ಮಣ್ಣುಪಾಲು. ಬಿಡದಿದ್ದರೆ ಐವಿಯ ಗತಿ? ಮ್ಯೂರಿಯಲ್ ಅಡುಗೆಮನೆಯಲ್ಲಿ ಕೂತು ಕೈ ಜೋಡಿಸಿದಳು. ಪ್ರಾರ್ಥನೆಯ ಒಂದು ಪದವೂ ನೆನಪಿಗೆ ಬರಲಿಲ್ಲ. ಏಪ್ರನ್ ಬಿಚ್ಚದೆಯೇ ಎದ್ದು ಪಕ್ಕದ ಮನೆಗೆ ಹೋದಳು.

ಐವಿ ಬಟಾಣಿ ಬಿಡಿಸುತ್ತಿದ್ದಳು. "ಏನೇ, ಗೋಡೆ ಒಡೆಸ್ತಿದ್ದೀಯಂತೆ? ಸಿರಿಲ್‌ಗೆ ಕೇಳಿಸಿದ್ರೆ ಗೋರಿಯಿಂದ ಎದ್ದು ಬರ್ತಾನೆ ನೋಡು."

"ಕಂಬ ಪುಡಿಯಾಗಿದೆ ಐವಿ. ಅವ್ರು ಹಾಕಿದ ಸಿಮೆಂಟಿಂದ್ಲೇ. ನಿಂದೂ ಹಾಗೇ ಆಗಿರುತ್ತೆ."

ಐವಿಯ ಕೈ ನಿಂತಿತು. ಅವಳು ತಿರುಗಿ ಗೋಡೆಯನ್ನು ನೋಡಿದಳು. "ನನ್ನ ಮಂಚ ಅದಕ್ಕೇ ಒರಗಿದೆಯಲ್ಲೇ," ಎಂದಳು.

ಇಬ್ಬರೂ ಮೇಲೆ ಹೋಗಿ, ಮೆಲ್ಲಗೆ ಹೆಜ್ಜೆ ಇಡುತ್ತ, ಮಂಚವನ್ನು ಹಿಂಬದಿಯ ಕೋಣೆಗೆ ಎಳೆದರು. ಐವಿ ಅದರ ತುದಿಯಲ್ಲಿ ಕುಳಿತಳು.

"ಕ್ಯಾಚ್‌ಪೋಲ್‌ನ ಕಳಿಸು. ಯಾರು ಹಾಕಿದ್ದು ಅಂತ ಕೇಳಿದ್ರೆ ಗೊತ್ತಿಲ್ಲ ಅಂತೀನಿ."

"ಬೇಡ," ಎಂದಳು ಮ್ಯೂರಿಯಲ್.

ಮೆಟ್ಟಿಲಿಳಿದು ಚೌಕಕ್ಕೆ ಬಂದು, ಕ್ಯಾಚ್‌ಪೋಲ್ ತಲೆ ಎತ್ತುವವರೆಗೆ ಕಾದಳು. ಸಿಮೆಂಟು ಹಾಕಿದ್ದು ತನ್ನ ಗಂಡ, ಎರಡೂ ಮನೆಗೆ, ಎಂದು ಹೇಳಿದಳು.