ನನ್ನ ಸಹಿ ಅವನ ಕೈಯಲ್ಲಿ

ತಪ್ಪು ನಮ್ಮದೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಕಾಮೆಂಟಿನಲ್ಲಿ ನೀವು ಹೇಳುವುದು ಬೇಡ.

ನಾನು ಊರಿಗೆ ನೀರು ಬಿಡುವವನು. ಕಪಿಲೆ ದಡದಲ್ಲಿ ಮೋಟರು ಹಾಕಿ, ಬೀದಿ ಬೀದಿಯ ವಾಲ್ವು ತಿರುಗಿಸುವ ಕೆಲಸ. ಯಾವ ಊರಿನ ಆಫೀಸು ಅಂತ ಬರೆಯುವುದಿಲ್ಲ. ಸಂಬಳ ಅಲ್ಲಿಂದಲೇ ಬರಬೇಕು. ಬೆಳಗ್ಗೆ ಎಂಟಕ್ಕೆ ಆಫೀಸಿಗೆ ಹೋಗಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಬೇಕು ಅನ್ನುವುದು ರೂಲ್ಸು. ಅದೇ ಎಂಟಕ್ಕೆ ನಾನು ವಾಲ್ವಿನ ಗುಂಡಿಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತಿರಬೇಕು ಅನ್ನುವುದೂ ರೂಲ್ಸು. ಹಾಗಾಗಿ ಆಫೀಸಿನ ಹಿಂದಿನ ಟ್ಯಾಂಕು ನೋಡಿಕೊಳ್ಳುವ ಗೆಳೆಯನೇ ನನ್ನ ಸಹಿಯನ್ನೂ ಹಾಕುತ್ತಿದ್ದ. ನೀರಿನವರಲ್ಲಿ ಎಲ್ಲರೂ ಹಾಗೇ. ಒಂದು ದಿನವೂ ಕೆಲಸ ತಪ್ಪಿಸಿದವನಲ್ಲ ನಾನು, ಪುಸ್ತಕ ಮುಟ್ಟಿದವನೂ ಅಲ್ಲ.

ದಿನಗೂಲಿಯವರನ್ನು ಕಾಯಂ ಮಾಡುವ ಮಾತುಕತೆ ಹೋದ ವರ್ಷ ತಿ. ನರಸೀಪುರದ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ಒಳಗೆ ಅಧಿಕಾರಿಗಳು, ನಮ್ಮ ಸಂಘದ ಮುಖಂಡರು. ಬಾಗಿಲು ಮುಚ್ಚಿತ್ತು. ಹೊರಗೆ ಚಪ್ಪಲಿ ಕಾಯುವವರ ಹಾಗೆ ನಾವು. ಮಧ್ಯಾಹ್ನ ಮುಖಂಡರು ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದರು.

"ಏನಾಯ್ತು ಸಾ?" ಅಂದೆ.

"ಎಲ್ಲಾ ಒಳ್ಳೇದೇ ಆಗದೆ. ಎಲ್ರೂ ಕಾಯಂ. ಒಂದು ಫಾರಂ ಬತ್ತದೆ, ಸೈನ್ ಮಾಡ್ಕೊಡಿ."

"ಪೆನ್ಷನ್ ವಿಚಾರ?"

"ಲೇ, ಎಣ್ಣು ನೋಡೋಕ್ ಮುಂಚೆ ತೊಟ್ಲು ಕೇಳ್ತೀಯಲ್ಲೋ. ಒಳಗೆ ಆಡಿದ್ ಮಾತ್ನ ಬೀದೀಲಿ ಯೋಳಕ್ಕಾದದಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ನೆನೆದರೆ ಈಗ ಮೈ ಉರಿಯುತ್ತದೆ.

ಫಾರಂ ಬಂದ ದಿನ ಬಸ್‌ಸ್ಟ್ಯಾಂಡಿನ ಹತ್ತಿರ ಪೈಪು ಒಡೆದಿತ್ತು, ನಾನು ಕೆಸರಿನಲ್ಲಿದ್ದೆ. ಮಧ್ಯಾಹ್ನ ಗೆಳೆಯ ಬುತ್ತಿ ಬಿಚ್ಚುತ್ತಾ, "ನಿಂದೂ ಆಕ್ಬುಟ್ಟೆ ಕಣ್ಲಾ, ಚಿಂತೆ ಬುಡು" ಅಂದ. ಒಳ್ಳೆಯದಾಯಿತು ಅಂದೆ. ಅವನ ಮುದ್ದೆಯಲ್ಲಿ ಅರ್ಧ ತಿಂದೆ.

ಆರ್ಡರು ನೋಟಿಸ್ ಬೋರ್ಡಿಗೆ ಬಿದ್ದಾಗ ಫಾರಂನಲ್ಲಿ ಏನಿತ್ತು ಅಂತ ಗೊತ್ತಾಯಿತು. ನಾವೆಲ್ಲ ಕಾಯಂ. ಅದಕ್ಕೆ ಬದಲಾಗಿ, ದಿನಗೂಲಿಯಲ್ಲಿ ದುಡಿದ ವರ್ಷಗಳನ್ನು ಪೆನ್ಷನ್ನಿಗೆ ಹಿಡಿಯುವುದು ಬೇಡ, ಹಳೇ ಪೆನ್ಷನ್ ಕೇಳುವುದಿಲ್ಲ ಅಂತ ನಾವೇ ಒಪ್ಪಿದ್ದೇವೆ. ಹೊಸ ಪೆನ್ಷನ್ ಷೇರುಪೇಟೆ ಏರಿಳಿದ ಹಾಗೆ. ನನಗೆ ಉಳಿದಿರುವ ಸರ್ವೀಸು ಆರು ವರ್ಷ. ನೀರಿನಲ್ಲಿ ನಿಂತೂ ನಿಂತೂ ಮಂಡಿ ಎರಡೂ ಹೋಗಿವೆ. ಆಮೇಲೆ ಯಾರು ಕೆಲಸ ಕೊಡುತ್ತಾರೆ? ಆಕ್ಷೇಪಣೆ ಇದ್ದರೆ ಹದಿನೈದು ದಿನದೊಳಗೆ ಬರೆದು ಕೊಡಬಹುದು ಅಂತ ಕೆಳಗೆ ಸಣ್ಣ ಅಕ್ಷರದಲ್ಲಿತ್ತು.

ಈ ಷರತ್ತನ್ನು ನಮಗೆ ಯಾರೂ ಹೇಳಿರಲಿಲ್ಲ ಅಂತ ಬರೆದೆ. ಮೇಷ್ಟ್ರು ಕಲಿಸಿದ ಗುಂಡು ಅಕ್ಷರದಲ್ಲಿ ಸಹಿ ಹಾಕಿ ಕೌಂಟರಿನಲ್ಲಿ ಕೊಟ್ಟೆ. ಗುಮಾಸ್ತೆ ನನ್ನ ಫೈಲು ತೆಗೆದು ಪಕ್ಕದಲ್ಲಿಟ್ಟುಕೊಂಡರು.

"ಇದ್ಯಾರ ಸೈನು?"

"ನಂದೇ ಮೇಡಂ."

"ಇಷ್ಟು ವರ್ಷದ ಹಾಜರೀಲಿ ಬಾಲ ಎಳ್ದು ಕೆಳಗೆ ಎರಡು ಚುಕ್ಕಿ ಇದೆ. ಫಾರಂನಲ್ಲೂ ಅದೇ. ಇದು ಬೇರೆ ಥರ ಇದ್ಯಲ್ಲ. ಯಾರ ಕೈಲಿ ಹಾಕಿಸ್ಕೊಂಡ್ ಬಂದ್ರಿ?"

ಫಾರಂ ಸಹಿ ನನ್ನದಲ್ಲ ಅಂದರೆ ಹಾಜರಿಯ ಸಹಿಯೂ ನನ್ನದಲ್ಲ. ಹಾಜರಿ ಸುಳ್ಳಾದರೆ ನಾನು ದುಡಿದದ್ದೇ ಸುಳ್ಳು. ಆಗ ಹಳೇ ಪೆನ್ಷನ್ನೂ ಇಲ್ಲ, ಹೊಸದೂ ಇಲ್ಲ. ಮರೆತು ತಪ್ಪಾಗಿ ಹಾಕಿದೆ ಮೇಡಂ ಅಂತ ಅರ್ಜಿ ವಾಪಸ್ ಕಿತ್ತುಕೊಂಡು ಬಂದೆ.

ಪಂಪ್‌ಹೌಸಿನಲ್ಲಿ ಗೆಳೆಯನಿಗೆ ಹೇಳಿದೆ.

"ನಾನೇ ಓಗಿ ಒಪ್ಕೊಂಡ್ಬುಡ್ಲಾ?"

"ಒಪ್ಕೊಂಡ್ರೆ ನಿನ್ ಕೆಲ್ಸನೂ ಓಯ್ತದೆ, ನನ್ ಸರ್ವೀಸೂ ಓಯ್ತದೆ. ಸುಮ್ಕೆ ಕೂತ್ಕೊ."

"ಮತ್ತೇನ್ ಮಾಡಾನ?"

"ನನ್ ಸೈನ್ನ ನಂಗೆ ಕಲ್ಸು."

ಮೋಟರು ಲಾಗ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ನನ್ನದೇ ಹೆಸರನ್ನು ಅವನು ಬರೆದು ತೋರಿಸಿದ, ನಾನು ತಿದ್ದಿದೆ. ನಾಲ್ಕು ದಿನ.

"ಬಾಲ ಇನ್ನೂ ಎಳೀಬೇಕು ಕಣ್ಲಾ. ನೀನು ಅದುರ್ತಾ ಇದ್ದೀಯ. ನಿನ್ ಸೈನು ಅದುರಲ್ಲ" ಅಂದ.

ಗಡುವು ಮುಗಿಯುವ ಹಿಂದಿನ ದಿನ ಅರ್ಜಿ ಮತ್ತೆ ಕೊಟ್ಟೆ. ಮಾತುಕತೆಯಲ್ಲಿ ಯಾರು ಏನಂದರು, ನಮ್ಮ ಪರವಾಗಿ ಯಾರು ಒಪ್ಪಿದರು ಅನ್ನುವುದರ ನಕಲೂ ಬೇಕು ಅಂತ ಬರೆದಿದ್ದೆ. ಗುಮಾಸ್ತೆ ಸಹಿಯನ್ನು ಬಹಳ ಹೊತ್ತು ನೋಡಿದರು, ನನ್ನನ್ನೂ ನೋಡಿದರು. ಸೀಲು ಹಾಕಿದರು.

"ಆ ನಕಲು ಈ ಫೈಲಲ್ಲಿ ಇಲ್ಲ. ಸೋಮವಾರ ವಿಚಾರಣೆಗೆ ಬನ್ನಿ. ಸಾಹೇಬ್ರ ಎದುರಿಗೆ ಮೂರು ಸಲ ಸೈನ್ ಮಾಡ್ಬೇಕು."

ಇವತ್ತು ಶನಿವಾರ. ಬೆಳಗ್ಗೆಯಿಂದ ಎರಡು ಹಾಳೆ ತುಂಬಿಸಿದ್ದೇನೆ. ಮೊದಲ ಸಲ ಸರಿ ಬರುತ್ತದೆ, ಮೂರನೆಯದರಲ್ಲಿ ಮೇಷ್ಟ್ರ ಗುಂಡು ಅಕ್ಷರ ಇಣುಕುತ್ತದೆ. ಸೋಮವಾರ ಪಕ್ಕದಲ್ಲಿ ಬಂದು ಕೂರಲಾ ಅಂತ ಗೆಳೆಯ ಕೇಳಿದ. ಆಗುವುದಿಲ್ಲವಂತೆ. ಒಬ್ಬೊಬ್ಬರನ್ನೇ ಒಳಗೆ ಕರೆದು ಬಾಗಿಲು ಮುಚ್ಚುತ್ತಾರಂತೆ.