ಸೂಜಿಯಕ್ಕನ ಎಡಗಾಲು

ಓಡುವ ಗಾಡಿಯಿಂದ ಬಿದ್ದವರನ್ನು ನೀವು ಬೇಕಾದಷ್ಟು ನೋಡಿರಬಹುದು. ನಿಂತ ಗಾಡಿಯಿಂದ ಬೀಳುವ ವಿದ್ಯೆ ಮಾತ್ರ ನಮ್ಮ ಸೂಜಿಯಕ್ಕನೊಬ್ಬಳಿಗೇ ಸಿದ್ಧಿಸಿತ್ತು.

ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಸೂಜಿ ಚುಚ್ಚಿ ರಕ್ತ ತೆಗೆಯುವುದು ಅವಳ ಕೆಲಸ, ಅದಕ್ಕೇ ಆ ಹೆಸರು. ಕೈ ಎಷ್ಟು ಹಗುರವೆಂದರೆ, ಹತ್ತಿ ಒತ್ತಿ "ಆಯ್ತು, ಕೈ ಮಡಚ್ಕೊಳ್ಳಿ" ಅಂದಮೇಲೂ ಜನ ಕಣ್ಣು ಮುಚ್ಚಿಕೊಂಡು ಇನ್ನು ಚುಚ್ಚುತ್ತಾಳೆಂದು ಕಾಯುತ್ತಿದ್ದರು. ಇಂಥ ಗಟ್ಟಿಗಿತ್ತಿ ಹದಿನೆಂಟು ವರ್ಷ ಊರೆಲ್ಲ ಸುತ್ತಿದ್ದು ಗಂಡನ ಬೈಕಿನ ಹಿಂದಿನ ಸೀಟಿನಲ್ಲಿ. ಗಂಡ ನೀರಿನ ಪಂಪು ರಿಪೇರಿ ಮಾಡುವವನು. ಒಳ್ಳೆಯವನೇ. ಆದರೆ ಯಾರದಾದರೂ ಪಂಪು ಕೆಟ್ಟಿತು ಅಂದರೆ ಹೆಂಡತಿಯನ್ನು ಎಲ್ಲಿ ಇಳಿಸಿ ಬಂದೆ ಅನ್ನುವುದೇ ಅವನಿಗೆ ಮರೆತುಹೋಗುತ್ತಿತ್ತು. ಆಸ್ಪತ್ರೆ, ಬಟ್ಟೆ ಅಂಗಡಿ, ನೆಂಟರ ಮನೆ, ಹೀಗೆ ಅವಳು ಅವನಿಗಾಗಿ ಕಾದು ನಿಲ್ಲದ ಗೇಟೇ ಊರಲ್ಲಿರಲಿಲ್ಲ.

ಲ್ಯಾಬಿನ ಡಾಕ್ಟರಮ್ಮ ಓಡಾಡಲಾಗದ ವಯಸ್ಸಾದವರ ಮನೆಗೇ ಹೋಗಿ ರಕ್ತ ತರುವ ಏರ್ಪಾಟು ಮಾಡಿದರು. ಅದಕ್ಕೆ ಸೂಜಿಯಕ್ಕನೇ ಸರಿ ಅಂದರು. ಅವಳಿಗೆ ಹಿಗ್ಗೋ ಹಿಗ್ಗು. ಮೊದಲ ವಾರವೇ ಎಡವಟ್ಟಾಯಿತು. ಒಬ್ಬ ರಿಟೈರ್ಡ್ ಮೇಷ್ಟ್ರು ಬೆಳಿಗ್ಗೆ ಆರರಿಂದ ಖಾಲಿ ಹೊಟ್ಟೆಯಲ್ಲಿ ಕಾದು ಕೂತಿದ್ದರು. ಇತ್ತ ಗಂಡ ದಾರಿಯಲ್ಲಿ "ಐದೇ ನಿಮಿಷ" ಅಂತ ಯಾರದೋ ನೀರಿನ ತೊಟ್ಟಿಗೆ ಇಳಿದವನು ಮೇಲೆ ಬಂದಾಗ ಗಂಟೆ ಹತ್ತು. ಅಷ್ಟರಲ್ಲಿ ಮೇಷ್ಟ್ರು ತಾಳಲಾರದೆ ಮೂರು ಬಾಳೆಹಣ್ಣು ಮುಗಿಸಿ ಬಾಯಿ ಒರೆಸಿಕೊಂಡಿದ್ದರು.

"ಮುಂದಿನ ತಿಂಗಳ ಕೊನೆಯೊಳಗೆ ನಿಮ್ಮದೇ ಲೈಸೆನ್ಸ್ ಇರ್ಬೇಕು, ಇಲ್ಲಾಂದ್ರೆ ಈ ಕೆಲಸಕ್ಕೆ ಬೇರೆಯವರನ್ನ ಹಾಕ್ಕೋತೀನಿ," ಅಂದರು ಡಾಕ್ಟರಮ್ಮ. "ನಿಮ್ಮ ಯಜಮಾನರನ್ನ ನಂಬ್ಕೊಂಡು ನಾನು ಲ್ಯಾಬ್ ನಡ್ಸಕ್ಕಾಗಲ್ಲ."

ಸೂಜಿಯಕ್ಕನಿಗೆ ಆ ಕೆಲಸ ಬೇಕೇ ಬೇಕಿತ್ತು. ಹೊರಟೆ ಅಂದಾಗ ಹೊರಡಬೇಕು, ಬಂದೆ ಅಂದಾಗ ಬಂದುಬಿಡಬೇಕು, ಅಷ್ಟೇ ಅವಳ ಆಸೆ. ಗೇಟುಗಳ ಮುಂದೆ ನಿಂತು ನಿಂತು ಜೀವ ಬೇಸತ್ತಿತ್ತು.

ಭಾನುವಾರ ಶಾಲೆಯ ಮೈದಾನದಲ್ಲಿ ಗಂಡನ ಪಾಠ ಶುರುವಾಯಿತು. ಕ್ಲಚ್ ಅಂದರೆ ಏನು ಅಂತ ಅವನು ಕೈಯಾಡಿಸಿ ವಿವರಿಸುತ್ತಿರುವಾಗಲೇ ಇವಳು ಗೇರ್ ಹಾಕಿ ಒಂದು ಸುತ್ತು ಹೊಡೆದು ಬಂದಳು. ಹದಿನೆಂಟು ವರ್ಷ ಎಂಜಿನ್ ಸದ್ದು ಕೇಳಿದವಳು, ಗೇರ್ ಯಾವಾಗ ಬದಲಿಸಬೇಕೆಂದು ಅವಳ ಕಿವಿಗೇ ಗೊತ್ತಿತ್ತು. ಗಂಡ ತಡಮಾಡಿದಲ್ಲೆಲ್ಲ ಹಿಂದೆ ಕೂತು ಮನಸ್ಸಿನಲ್ಲೇ ಎಷ್ಟು ಸಲ ಬದಲಿಸಿದ್ದಳೋ. ಅವನ ಮುಂದೆ ಬಂದು ಅಚ್ಚುಕಟ್ಟಾಗಿ ಬ್ರೇಕ್ ಹಾಕಿದಳು. ಎರಡೂ ಕಾಲು ಮೇಲೆಯೇ ಇಟ್ಟುಕೊಂಡು, ಫೋಟೋಕ್ಕೆ ಕೂತವಳ ಹಾಗೆ ನೆಟ್ಟಗೆ ಕೂತಳು. ಆಮೇಲೆ ಗಾಡಿ ಸಮೇತ, ಯಾವ ಆತುರವೂ ಇಲ್ಲದೆ, ಎಡಕ್ಕೆ ವಾಲಿ ಮಲಗಿದಳು.

"ಕಾಲು ಊರೋದಲ್ವೇನೇ!"

"ಮರ್ತೆ."

ಆ ಒಂದೇ ಬೆಳಿಗ್ಗೆ ಏಳು ಸಲ ಮರೆತಳು.

ಪರೀಕ್ಷೆಯ ದಿನ ಎಂಟರ ಆಕಾರದಲ್ಲಿ ಅವಳು ಗಾಡಿ ತಿರುಗಿಸಿದ್ದು ನೋಡಿ ಇನ್ಸ್‌ಪೆಕ್ಟರು "ಭೇಷ್" ಅಂದರು. ಬಿಳಿ ಗೆರೆಯ ಹತ್ತಿರ ಬಂದಾಗ ನಿಲ್ಲಿಸಲು ಕೈಯೆತ್ತಿದರು. ನಿಲ್ಲಿಸಿದಳು, ನೆಟ್ಟಗೆ ಕೂತಳು, ಮಲಗಿದಳು.

"ಅಮ್ಮಾ, ಇಪ್ಪತ್ತು ವರ್ಷದಿಂದ ಬೀಳೋರನ್ನೇ ನೋಡ್ತಿದೀನಿ," ಅಂದರು ಇನ್ಸ್‌ಪೆಕ್ಟರು. "ಇಷ್ಟು ನೆಮ್ಮದಿಯಾಗಿ ಬಿದ್ದೋರನ್ನ ನೋಡಿಲ್ಲ. ಹತ್ತು ದಿನ ಬಿಟ್ಟು ಬನ್ನಿ."

ಹತ್ತು ದಿನ ಬಿಟ್ಟರೆ ಡಾಕ್ಟರಮ್ಮ ಹೇಳಿದ ತಿಂಗಳ ಕೊನೆಯೇ. ಅದೂ ತಪ್ಪಿದರೆ ಕೆಲಸ ಕೈಬಿಟ್ಟ ಹಾಗೆ. ಆದರೂ ಮನೆಗೆ ಬಂದವಳು, ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಹಾಗೆ, "ಅಲ್ಲಿ ನೆಲಾನೇ ಇಳಿಜಾರು" ಅಂದಳು.

"ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ," ಅಂದಳು ಅತ್ತೆ. ಅತ್ತೆ ಜನ್ಮದಲ್ಲಿ ಸೈಕಲ್ ಕೂಡ ಹತ್ತಿದವಳಲ್ಲ. ಆದರೆ ರೋಗ ಕಂಡುಹಿಡಿದವಳು ಅವಳೇ. "ಇಷ್ಟು ವರ್ಷ ಗಾಡಿ ನಿಂತಾಗ ಕಾಲು ಊರಿದ್ದು ನನ್ನ ಮಗ. ನೀನು ರಾಣಿ ಹಂಗೆ ಮೇಲಿಟ್ಕೊಂಡು ಕೂತಿದ್ದೆ. ಈಗ್ಲೂ ಯಾರೋ ಊರ್ತಾರೆ ಅಂತ ಕಾಯ್ತಿದೀಯ."

ಮಾತು ನಿಜವಾಗಿತ್ತು. ಸೂಜಿಯಕ್ಕನಿಗೆ ನಾಚಿಕೆಯೂ ಆಯಿತು, ಅದನ್ನು ಅತ್ತೆಯ ಬಾಯಿಂದಲೇ ಕೇಳಬೇಕಾಯಿತಲ್ಲ ಅಂತ ಸಿಟ್ಟೂ ಬಂತು.

ಮಾರನೆಯ ದಿನದಿಂದ ಅಡುಗೆಮನೆಯಲ್ಲಿ ಚಿಕಿತ್ಸೆ ಶುರುವಾಯಿತು. ಸೊಸೆ ಎತ್ತರದ ಸ್ಟೂಲಿನ ಮೇಲೆ ಕೂತು ಅದರ ಅಡ್ಡಪಟ್ಟಿಗೆ ಎರಡೂ ಕಾಲು ಕೊಡಬೇಕು. ಅತ್ತೆ ಒಲೆಯ ಮೇಲಿನದನ್ನು ತಿರುವುತ್ತಾ ಇದ್ದಕ್ಕಿದ್ದಂತೆ "ನಿಲ್ಸು!" ಅಂತ ಕೂಗಬೇಕು. ಎಡಗಾಲು ತಕ್ಷಣ ನೆಲಕ್ಕೆ ಬರದಿದ್ದರೆ ಮೊಣಕಾಲಿಗೆ ಸೌಟಿನ ಏಟು. ಇಂಥ ಅವಕಾಶ ಯಾವ ಅತ್ತೆ ಬಿಟ್ಟಾಳು? ಬೆಳಿಗ್ಗೆ ಐವತ್ತು ಸಲ, ಸಂಜೆ ಐವತ್ತು ಸಲ. ನೀರು ಕುಡಿಯಲು ಬಂದ ಗಂಡ ಬಾಗಿಲಲ್ಲೇ ನಿಂತು ನೋಡಿ, ಬಾಯಾರಿಕೆ ಇಲ್ಲವೆಂದುಕೊಂಡು ಹೊರಟುಹೋದ.

ಔಷಧಿ ಎಷ್ಟು ಹಿಡಿಯಿತೆಂದರೆ, ಎಂಟನೆಯ ದಿನ ಲ್ಯಾಬಿನಲ್ಲಿ ದಢೂತಿ ಆಸಾಮಿಯೊಬ್ಬ "ಸಾಕು, ನಿಲ್ಸಮ್ಮ!" ಅಂದದ್ದೇ ತಡ, ಸೂಜಿಯಕ್ಕನ ಎಡಗಾಲು ಧಪ್ಪೆಂದು ನೆಲಕ್ಕೆ ಬಡಿಯಿತು. ಅವಳಿಗೆ ಕೋಪ ಬಂತೆಂದು ಹೆದರಿದ ಅವನು ಇನ್ನೊಂದು ಕೈಯನ್ನೂ ಚಾಚಿದ.

ಎರಡನೆಯ ಪರೀಕ್ಷೆಗೆ ಇನ್ಸ್‌ಪೆಕ್ಟರು ಯಾವುದಕ್ಕೂ ಇರಲಿ ಅಂತ ನಾಲ್ಕು ಹೆಜ್ಜೆ ಹಿಂದೆ ನಿಂತಿದ್ದರು. ಅಲ್ಲಿಂದಲೇ ಕೈಯೆತ್ತಿದರು. ಗಾಡಿ ನಿಂತಿತು. ಒಂದು ಕ್ಷಣ ಏನೂ ಆಗಲಿಲ್ಲ. ಬೇಲಿಯ ಆಚೆ ನಿಂತಿದ್ದ ಗಂಡ ಕಣ್ಣು ಮುಚ್ಚಿಕೊಂಡ.

ಧಪ್!

"ಪಾಸು," ಅಂದರು ಇನ್ಸ್‌ಪೆಕ್ಟರು, ಪರೀಕ್ಷೆಯಲ್ಲಿ ತಾವೇ ಗೆದ್ದವರ ಹಾಗೆ.

ಮನೆಗೆ ಹೊರಡುವಾಗ ಗಂಡ ಎಂದಿನ ಹಾಗೆ ಕೀಲಿಗೆ ಕೈ ಚಾಚಿದ. "ಹಿಂದೆ ಕೂತ್ಕೊಳ್ಳಿ," ಅಂದಳು. ಪರಿಚಯದವರು ಯಾರಾದರೂ ಇದ್ದಾರೋ ಅಂತ ಅವನು ಆಚೀಚೆ ನೋಡಿ, ರಿಪೇರಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತ. ದಾರಿಯುದ್ದಕ್ಕೂ ಉಬ್ಬು ಕಂಡಾಗಲೆಲ್ಲ ಕೆಮ್ಮಿದ. ದೊಡ್ಡ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಂತು. ಸೂಜಿಯಕ್ಕ ಗಾಡಿ ನಿಲ್ಲಿಸಿ ಎಡಗಾಲು ಊರಿದಳು. ಗಾಡಿ ಯಾಕೋ ತೊನೆದಾಡಿತು. ಬಗ್ಗಿ ನೋಡಿದರೆ ಹಿಂದೆ ಗಂಡನೂ ಎರಡೂ ಕಾಲು ಊರಿದ್ದ.

"ಕಾಲೆತ್ತಿ."

"ಬಿದ್ರೆ?"

"ಎತ್ತಿ ಅಂದೆ."

ಒಂದೊಂದಾಗಿ ಎತ್ತಿದ. ಗಾಡಿ, ಗಂಡ, ಅವನ ಸ್ಪ್ಯಾನರುಗಳು, ಎಲ್ಲದರ ಭಾರವೂ ಒಮ್ಮೆಗೇ ಅವಳ ಎಡಗಾಲಿನ ಮೇಲೆ ಬಂತು. ಮೈದಾನದಲ್ಲಾಗಲಿ ಸ್ಟೂಲಿನ ಮೇಲಾಗಲಿ ಇದು ಇರಲಿಲ್ಲ. ತೊಡೆ ನಡುಗಿತು. ಅವನ ಮೇಲೆ ಅವಳಿಗೆ ಇಷ್ಟುದ್ದದ ದೂರಿನ ಪಟ್ಟಿಯೇ ಇತ್ತು, ಅದೇನೂ ಸುಳ್ಳಲ್ಲ. ಆದರೆ ಹದಿನೆಂಟು ವರ್ಷ, ಸಿಕ್ಕಸಿಕ್ಕ ಸಿಗ್ನಲ್ಲಿನಲ್ಲೆಲ್ಲ ಈ ಭಾರ ತಡೆದುಕೊಂಡು ನಿಂತವನು ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲವಲ್ಲ ಅನ್ನಿಸಿತು.

"ರೀ, ನೀವು ಇಷ್ಟು ಭಾರ ಇದೀರಾ?"

"ನೀನೇನು ಹತ್ತಿ ಮೂಟೆ ಆಗಿದ್ಯಾ?" ಅಂದ ಗಂಡ. ಅವಳ ಕಾಲು ನಡುಗುವುದು ಅವನಿಗೂ ತಿಳಿಯಿತೇನೋ, ಮೆಲ್ಲಗೆ ಕೇಳಿದ: "ಒಂಚೂರು ಊರ್ಲಾ?"

"ಬೇಡ," ಅಂದಳು. "ಕೂತಿರಿ."

ಹಸಿರು ದೀಪಕ್ಕೆ ಇನ್ನೂ ನಲವತ್ತು ಸೆಕೆಂಡು ಇತ್ತು.