ರೇಡಿಯೇಟರಿಗೆ ಸೋಸಿದ ನೀರು

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ನೀರು ಕುಡಿಯುತ್ತಿದ್ದದ್ದು ಎಮ್ಮೆಯಲ್ಲ, ನನ್ನ ಗಂಡನ ಕಾರು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಚಿಕ್ಕೋಡಿಯಲ್ಲಿ ನಮ್ಮದು ಬಟ್ಟೆ ಅಂಗಡಿ. ನನ್ನ ತವರೂರು ನಿಪ್ಪಾಣಿಯ ತಂಬಾಕು ವ್ಯಾಪಾರಿಯೊಬ್ಬರು ಹಳೆಯ ಕಾರು ಮಾರುತ್ತಾರೆಂದು ತಿಳಿದದ್ದೇ, ನನ್ನವರು ಒಂದು ಮಾತು ಕೇಳದೆ ಹೋಗಿ ತಂದರು. ಒಳಗೆ ಕೂತರೆ ತಂಬಾಕಿನ ಘಾಟಿಗೆ ನನಗೆ, ಅವರಿಗೆ, ಅತ್ತೆಗೆ, ಮೂವರಿಗೂ ಸರದಿಯ ಮೇಲೆ ಸೀನು. ಪಕ್ಕದ ಊರು ಕರೋಶಿಗೆ ಹೋಗಿ ಬರುವಷ್ಟರಲ್ಲಿ ಎರಡು ಸಲ ಬಾನೆಟ್ಟು ಎತ್ತಬೇಕು, ಎತ್ತಿದರೆ ಬಚ್ಚಲ ಹಂಡೆಯ ಹಾಗೆ ಹಬೆ. ಕಾರು ಓಡಿದ ದಿನ ಅದು ಅವರ ಕಾರು, ನಿಂತ ದಿನ ಮಾತ್ರ ನನ್ನ ತವರಿನ ಕಡೆಯದು. ಈ ನ್ಯಾಯದ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ.

ರೇಡಿಯೇಟರ್ ಸೋರುತ್ತಿದ್ದುದರಿಂದ ಡಿಕ್ಕಿಯಲ್ಲಿ ಸದಾ ಒಂದು ಕೊಡ ನೀರು ಇರುತ್ತಿತ್ತು. ಆ ಕೊಡ ಸಾಮಾನ್ಯದ್ದಲ್ಲ. ಸತ್ತಿ ಎಂಬ ಊರಿನಲ್ಲಿದ್ದ ನನ್ನ ಅತ್ತೆಯ ತಾಯಿ ಬಳಸುತ್ತಿದ್ದ ತಾಮ್ರದ ಕೊಡ. ಆಕೆ ತೀರಿಕೊಂಡಾಗ, ಅದೇ ಊರಿಗೆ ಮದುವೆಯಾಗಿದ್ದ ಹಿರಿಯ ಮಗಳು, ಅವರನ್ನು ನಾನು ದೊಡ್ಡತ್ತೆ ಎನ್ನುತ್ತೇನೆ, ಕೊಡ ಸತ್ತಿಯಲ್ಲೇ ಇರಲಿ ಎಂದರು. ನಮ್ಮ ಅತ್ತೆ, "ಅವ್ವ ನನಗ ಕೊಡ್ತೀನಿ ಅಂದಿದ್ಲು" ಎಂದು ಅದನ್ನು ಸೆರಗಿನಡಿ ಇಟ್ಟುಕೊಂಡು ಬಸ್ಸು ಹತ್ತಿಬಿಟ್ಟರು. ಅಲ್ಲಿಂದ ಏಳು ವರ್ಷ ಅಕ್ಕ ತಂಗಿಗೆ ಮಾತಿಲ್ಲ. ಮಾತಿಲ್ಲವೇ ಹೊರತು, ಅಲ್ಲಿ ಏನು ಪಲ್ಯ ಮಾಡಿದರು ಎಂಬುದು ಇಲ್ಲಿಗೆ, ಇಲ್ಲಿ ಯಾರಿಗೆ ನೆಗಡಿ ಎಂಬುದು ಅಲ್ಲಿಗೆ ತಪ್ಪದೆ ತಲುಪುತ್ತಿತ್ತು. ಹೀಗಾಗಿ ಕೊಡ ಡಿಕ್ಕಿಗೆ ಸೇರಿದ ಸುದ್ದಿಯೂ ಸತ್ತಿಗೆ ಹೋಯಿತು. ತಿರುಗಿ ಬಂದ ಉತ್ತರ: "ಮೋಟರಿಗರೆ ಕುಡಸಲಿ. ಅಕ್ಕಗಂತೂ ಅದರಾಗಿನ ಒಂದ ಗುಟುಕ ಸಿಗಲಿಲ್ಲ."

ಅದನ್ನು ಕೇಳಿ ಅತ್ತೆ ಎರಡು ದಿನ ಅರ್ಧವೇ ಊಟ ಮಾಡಿದರು.

ನಾವು ಜೈನರು. ನಮ್ಮ ಮನೆಯಲ್ಲಿ ಬಾವಿಯ ನೀರನ್ನು ಎರಡು ಪದರದ ಬಟ್ಟೆಯಲ್ಲಿ ಸೋಸದೆ ಯಾರೂ ಮುಟ್ಟುವುದಿಲ್ಲ. ಬಟ್ಟೆಯಲ್ಲಿ ಉಳಿಯುವ, ಕಣ್ಣಿಗೆ ಕಾಣದ ಜೀವಗಳನ್ನು ಚೆಲ್ಲುವಂತಿಲ್ಲ. ಎಲ್ಲಿಂದ ನೀರು ತಂದೆವೋ ಅದೇ ನೀರಿಗೆ ಆ ಬಟ್ಟೆಯನ್ನು ಜಾಲಾಡಿ ಬಿಡಬೇಕು. ಕಾರಿನೊಳಗೆ ನೀರು ಕುದಿಯುತ್ತದೆ ಎಂದು ತಿಳಿದ ದಿನವೇ ಅತ್ತೆ ಆಜ್ಞೆ ಹೊರಡಿಸಿದ್ದರು. "ಹಸೀ ನೀರ ಹಾಕಿ ಜೀವಾ ಕುದಸಾಕ ನಾ ಬಿಡಂಗಿಲ್ಲ. ಸೋಸೇ ಹಾಕಬೇಕು." ಬೀದಿಯವರು ನಗುತ್ತಿದ್ದರು. ಕಾರು ಮಾತ್ರ ಸೋಸಿದ ನೀರನ್ನೂ ಅಷ್ಟೇ ನಿಷ್ಠೆಯಿಂದ ಸೋರಿಸುತ್ತಿತ್ತು.

ಸೋರಿಕೆಗೆ ಊರಿನ ಗಾಡಿ ರಿಪೇರಿಯ ಮಿಸ್ತ್ರಿ ಒಂದು ಉಪಾಯ ಹೇಳಿದ್ದ: ತತ್ತಿಯ ಬಿಳಿಯ ಲೋಳೆ ಹಾಕಿದರೆ ತೂತು ತಾನೇ ಕಟ್ಟಿಕೊಳ್ಳುತ್ತದೆ. ಆ ಮಾತನ್ನು ಮಿಸ್ತ್ರಿಯ ಹತ್ತಿರವೇ ಬಿಟ್ಟು ಬರುವುದು ಬುದ್ಧಿವಂತಿಕೆ. ನನ್ನವರು ಊಟಕ್ಕೆ ಕೂತು ತಾಯಿಯ ಮುಂದೆ ಹೇಳಿದರು. ಅತ್ತೆ ತಟ್ಟೆ ಸರಿಸಿ ಎದ್ದರು. ಆ ಮಿಸ್ತ್ರಿ ನಮ್ಮ ಅಂಗಳಕ್ಕೆ ಕಾಲಿಡಕೂಡದು ಎಂದಾಯಿತು. ಬದಲಿಗೆ ಯಾರೋ ಅರಿಶಿನ ಹೇಳಿದರು. ನನ್ನ ಮಸಾಲೆ ಡಬ್ಬಿಯ ಅರಿಶಿನವೆಲ್ಲ ರೇಡಿಯೇಟರಿಗೆ ಹೋಯಿತು. ಒಂದು ವಾರ ಕಾರು ಹೋದಲ್ಲೆಲ್ಲ ಹಳದಿ ಗೆರೆ. ಆ ವಾರ ನಮ್ಮ ಬೇಳೆಗೆ ಬಣ್ಣವೇ ಇರಲಿಲ್ಲ.

ಇಷ್ಟರಲ್ಲಿ ಭಾದ್ರಪದದ ಪರ್ವ ಬಂತು. ಒಂದು ಮಧ್ಯಾಹ್ನ ಸತ್ತಿಯಿಂದ ಕಾರ್ಡು. ನಾಲ್ಕೇ ಸಾಲು. ದೊಡ್ಡತ್ತೆ ಹತ್ತು ದಿನದ ಉಪವಾಸ ಹಿಡಿದಿದ್ದಾರೆ, ದಿನಕ್ಕೊಮ್ಮೆ ಕಾಯಿಸಿದ ನೀರು ಬಿಟ್ಟರೆ ಏನೂ ಇಲ್ಲ. ಪಾರಣೆಯ ದಿನ ಬೆಳಿಗ್ಗೆ ಅವ್ವನ ಕೊಡದ ನೀರನ್ನು ತಂಗಿ ತನ್ನ ಕೈಯಾರೆ ಕುಡಿಸಿದರೆ ಮಾತ್ರ ಉಪವಾಸ ಬಿಡುತ್ತಾರಂತೆ. ಇಲ್ಲವಾದರೆ ಮುಂದುವರಿಸುತ್ತಾರಂತೆ.

ಅವರಿಗೆ ಆಗ ಎಪ್ಪತ್ತು ದಾಟಿತ್ತು. ಅತ್ತೆ ಕಾರ್ಡನ್ನು ನನ್ನಿಂದ ಮೂರು ಸಲ ಓದಿಸಿದರು. ಆಮೇಲೆ, "ಬಸ್ಸಿಗೆ ಹೋಗ್ತೀನಿ" ಎಂದರು.

"ಬಸ್ಸು ಬದಲಿ ಮಾಡಿ ಮುಟ್ಟೂದರಾಗ ಮಧ್ಯಾಹ್ನ ಆಗತೈತಿ" ಎಂದರು ನನ್ನವರು. "ಅಲ್ಲೀತನಾ ದೊಡ್ಡವ್ವ ಖಾಲಿ ಹೊಟ್ಟೀಲೆ ಕೂಡಬೇಕೇನು? ಮನ್ಯಾಗ ಕಾರ ಐತಿ."

"ಕಾರ ಐತಿ. ನಡೀಬೇಕಲ್ಲ?"

"ಹೊಸಾ ರೇಡಿಯೇಟರ ಹಾಕ್ತೀನಿ. ನಾನ ಹಾಕ್ತೀನಿ, ಮನ್ಯಾಗ."

ಪಾರಣೆಗೆ ಐದು ದಿನ ಉಳಿದಿತ್ತು. ಮರುದಿನವೇ ಅಂಗಡಿಯ ಮೀಟರು ಕೋಲಿನಿಂದ ಹಳೆಯ ರೇಡಿಯೇಟರಿನ ಅಳತೆ ತೆಗೆದುಕೊಂಡು ನಿಪ್ಪಾಣಿಗೆ ಹೋದರು. ಸಂಜೆ ಬಸ್ಸಿನಿಂದ ಇಳಿದಾಗ ಕಂಬಳಿ ಸುತ್ತಿದ ರೇಡಿಯೇಟರ್ ತೊಡೆಯಿಂದ ಹೆಗಲಿಗೆ ಬಂದಿತ್ತು. ದಾರಿಯಲ್ಲಿ ಪಕ್ಕದ ಸೀಟಿನ ಮುದುಕಿ, "ಕೂಸಿಗಿ ಎಷ್ಟ ತಿಂಗಳಾತೋ ಯಪ್ಪಾ?" ಎಂದು ಕೇಳಿದಳಂತೆ. ಕಂಬಳಿ ಬಿಚ್ಚಿದರೆ ಅದು ಹಳೆಯದಕ್ಕಿಂತ ಸಾಕಷ್ಟು ದೊಡ್ಡದು. "ಒಂದೆರಡ ಇಂಚ ಹೆಚ್ಚಿಗಿನ ತಂದೀನಿ" ಎಂದರು ಹೆಮ್ಮೆಯಿಂದ. ಬಟ್ಟೆ ಅಂಗಡಿಯವರು! ತೊಳೆದ ಮೇಲೆ ಕುಗ್ಗುವ ಮಾಲನ್ನೇ ಜೀವನವಿಡೀ ಕತ್ತರಿಸಿಕೊಟ್ಟವರಿಗೆ ಲೋಹ ಕುಗ್ಗುವುದಿಲ್ಲವೆಂದು ಯಾರು ಹೇಳಬೇಕಿತ್ತು? ನಾನು ಹೇಳಬಹುದಿತ್ತು. ನನ್ನನ್ನು ಕೇಳಲಿಲ್ಲ.

ಮರುದಿನ ಅಂಗಡಿಗೆ ರಜೆ. ಅಂಗಳದ ಬೇವಿನ ನೆರಳಿಗೆ ಕಾರು ತಂದು ನಿಲ್ಲಿಸಿ, ಬಿಚ್ಚಿದ ಬೋಲ್ಟುಗಳು ಬೆರೆತುಹೋಗದಿರಲೆಂದು ನನ್ನ ಮಸಾಲೆ ಡಬ್ಬಿ ಕೇಳಿದರು. ಅರಿಶಿನದ ಬಟ್ಟಲು ಹೇಗೂ ಖಾಲಿಯಿತ್ತು. ಮೇಲಿನ ಬೋಲ್ಟುಗಳು ಅದಕ್ಕೆ, ಕೆಳಗಿನವು ಸಾಸಿವೆಯ ಬಟ್ಟಲಿಗೆ. ನೀರು ಇಳಿಸುವ ತಿರುಪು ತುಕ್ಕು ಹಿಡಿದು ಮೊದಲು ಜಗ್ಗಲಿಲ್ಲ, ಆಮೇಲೆ ಒಮ್ಮೆಲೇ ಬಿಟ್ಟುಕೊಂಡು, ಕೆಳಗೆ ಮಲಗಿದ್ದವರ ಬನಿಯನ್ ಹಳದಿಯಾಯಿತು. ಅರಿಶಿನ ಹಚ್ಚಿದ ಮದುಮಗನ ಹಾಗೆ ಎದ್ದು ಬಂದರು. ಮದುವೆಯ ದಿನವೂ ಅಷ್ಟು ಹಚ್ಚಿರಲಿಲ್ಲ ಎಂದು ನಾನು ನಕ್ಕೆ. ನಗಬಾರದಿತ್ತು, ಮುಂದಿನ ಎರಡು ತಾಸು ಬೋಲ್ಟು ಬಿಚ್ಚುವ ಪಾನಾ ಹಿಡಿದು ನಿಲ್ಲುವ ಕೆಲಸ ನನಗೇ ಬಿತ್ತು. ರಬ್ಬರು ಪೈಪು ಅಂಟಿಕೊಂಡಿತ್ತು, ಬ್ಲೇಡಿನಿಂದ ಕೊಯ್ದರು. ಫ್ಯಾನಿನ ಅಂಚು ತಾಗಿ ಬೆರಳೂ ಕೊಯ್ದುಕೊಂಡರು.

ಹಳೆಯ ರೇಡಿಯೇಟರ್ ಹೊರಬಂದಾಗ ಅತ್ತೆ ನೋಡಲು ಬಂದರು. ಅದರ ಮುಂಭಾಗದ ಜಾಲರಿಯ ತುಂಬ ಒಣಗಿದ ಪತಂಗ, ಮಿಡತೆ, ಒಂದು ಚಿಟ್ಟೆ. ಅತ್ತೆಯ ಮುಖ ಬಾಡಿತು. "ನೀರ ಸೋಸಿ ಏನ ಬಂತೋ? ಜೀವಾ ಮುಂದಿನಿಂದ ಬರಾಕತ್ತಾವಲ್ಲೋ" ಎಂದರು. ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ. ಹೊತ್ತು ಮುಳುಗಿದ ಮೇಲೆ ದೀಪ ಹಚ್ಚಿ ಕಾರು ಓಡಿಸುವುದಿಲ್ಲ ಎಂದು ಮಗನಿಂದ ಮಾತು ತೆಗೆದುಕೊಂಡೇ ಒಳಗೆ ಹೋದರು.

ಹೊಸದು ಕೂರಲಿಲ್ಲ. ತೂತಿಗೆ ತೂತು ಸೇರಲಿಲ್ಲ. ತಗಡನ್ನು ಬಡಿದು ಬಗ್ಗಿಸಿ, ಮೇಲಿನ ಬೋಲ್ಟುಗಳನ್ನು ಹೇಗೋ ಕೂರಿಸಿ, ಕೆಳಭಾಗವನ್ನು ಬಾವಿಯ ನೈಲಾನ್ ಹಗ್ಗದಿಂದ ಬಿಗಿದರು. ಬಾನೆಟ್ಟು ಪೂರ್ತಿ ಮುಚ್ಚಲಿಲ್ಲ, ಅದಕ್ಕೂ ಹಗ್ಗ. ಆದರೂ ಮರುದಿನ ಬಸ್ ನಿಲ್ದಾಣದ ತನಕ ಹೋಗಿ ಬಂದರೆ ಒಂದು ಹನಿ ಸೋರಿರಲಿಲ್ಲ, ಹಬೆ ಎದ್ದಿರಲಿಲ್ಲ. ಬೇಕೆಂದೇ ಆ ಮಿಸ್ತ್ರಿಯ ಅಂಗಡಿಯ ಮುಂದೆ ಮೂರು ಸಲ ಓಡಾಡಿದರಂತೆ. ಉಳಿದ ಎರಡು ಬೋಲ್ಟು ನನಗೆ ಮುಂದೊಂದು ದಿನ ಒಗ್ಗರಣೆಯಲ್ಲಿ ಸಿಕ್ಕವು.

ಪಾರಣೆಯ ಬೆಳಿಗ್ಗೆ. ಅತ್ತೆ ಸೋಸಿ ಕಾಯಿಸಿ ಆರಿಸಿದ ನೀರನ್ನು ತಾಮ್ರದ ಕೊಡಕ್ಕೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಪೂಜೆಗೆ ಕೂತಿದ್ದರು. ಕಾರಿಗೆ ನೀರು ನೋಡುವ ಕೆಲಸ ನನ್ನದು. ರೇಡಿಯೇಟರಿನ ಬಾಯಿಗೆ ಸೋಸುವ ಬಟ್ಟೆ ಹಾಸಿ ಒಂದು ಚೊಂಬು ಹೊಯ್ದೆ. ಅಷ್ಟರಲ್ಲಿ ಒಳಗೆ ಹಾಲು ಉಕ್ಕಿದ ವಾಸನೆ. ಇವರು ಬೇರೆ, "ಮುಚ್ಚಳಾ ಹಾಕ, ಹೊತ್ತಾತು" ಎಂದು ಹಾರ್ನ್ ಬಾರಿಸುತ್ತಿದ್ದರು. ಮುಚ್ಚಳ ಒತ್ತಿ ತಿರುವಿ ಒಳಗೆ ಓಡಿದೆ. ಹಿಂದೆಂದೂ ಅಷ್ಟು ಬಿಗಿಯಾಗಿ ಕೂತಿರಲಿಲ್ಲ ಅನಿಸಿತು. ಹೊಸದಲ್ಲವೇ ಎಂದುಕೊಂಡೆ.

ರಾಯಬಾಗ ದಾಟಿ ಸ್ವಲ್ಪ ದೂರದಲ್ಲಿ ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ನನ್ನವರು ಇಳಿದು, ಆರುವ ತನಕ ಕಾಲು ಸುಟ್ಟವರಂತೆ ಓಡಾಡಿ, ಚಿಂದಿ ಹಿಡಿದು ಮುಚ್ಚಳ ತಿರುವಿದರು. ಮುಚ್ಚಳದ ಜೊತೆಗೆ ಬಟ್ಟೆ ಎದ್ದು ಬಂತು. ಅರ್ಧ ಒಳಗೆ, ಅರ್ಧ ಹೊರಗೆ. ಅದರ ತುದಿ ಹಿಡಿದು ನೀರೆಲ್ಲ ಹೊರಗೆ ಇಳಿದುಹೋಗಿತ್ತು.

"ಯಾರ ಮಾಡಿದ್ದಿದು?"

ನಾನು ಹೇಳಬೇಕಿತ್ತು, ಹೇಳಲಿಲ್ಲ.

"ನಾನ. ಮರ್ತೆ" ಎಂದರು ಅತ್ತೆ, ಕೊಡವನ್ನು ತೊಡೆಯ ಮೇಲೆ ಹಿಡಿದುಕೊಂಡೇ. ಆ ಹೊತ್ತಿನಲ್ಲಿ ಅವರು ಪೂಜೆಯ ಮಣೆಯ ಮೇಲಿದ್ದರು. ಅದು ನನಗೂ ಗೊತ್ತು, ಅವರಿಗೂ ಗೊತ್ತು.

ತಾಯಿಯ ಮೇಲೆ ಕೂಗಾಡಲಾರದೆ ಇವರು ಚಕ್ರಕ್ಕೆ ಒದ್ದರು. ಆಮೇಲೆ ಕೊಡದ ಮೇಲೆ ಕಣ್ಣು ಬಿತ್ತು. "ಅವ್ವಾ, ಅದರಾಗಿಂದು ಅರ್ಧ ಹಾಕೂಣು. ದೊಡ್ಡವ್ವಗ ಒಂದ ಗುಟುಕ ಸಾಕಲ್ಲ."

"ಮುಟ್ಟಿದಿ ಅಂದ್ರ ನೋಡು!" ಅತ್ತೆ ಕೊಡವನ್ನು ತಬ್ಬಿಕೊಂಡರು.

ರಸ್ತೆಯ ಪಕ್ಕ ಕಾಲುವೆ ತುಂಬಿ ಹರಿಯುತ್ತಿತ್ತು. ದಂಡೆಯ ಮೇಲೆ ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ ತನ್ನ ಡಬ್ಬಿಯಲ್ಲಿ ನೀರು ತುಂಬಿಕೊಂಡೇ ಬಂದ. "ತಗೋರಿ, ಸುರೀರಿ." ಅತ್ತೆ ಕೈ ಅಡ್ಡ ಹಿಡಿದರು. ಸೋಸದೆ ಆಗದು. ರೇಡಿಯೇಟರಿನಿಂದ ಬಂದ ಬಟ್ಟೆಗೆ ಎಣ್ಣೆ, ತುಕ್ಕು. ಉಟ್ಟ ಸೀರೆಯಲ್ಲಿ ಸೋಸುವಂತಿಲ್ಲ. ಅತ್ತೆ ಚೀಲದಿಂದ ಅಕ್ಕನಿಗೆಂದು ತಂದ ಹೊಸ ಬಿಳಿಯ ಸೀರೆ ತೆಗೆದು, ಮಡಿಕೆ ಬಿಚ್ಚಿ, ಎರಡು ಪದರ ಮಾಡಿ ಹಿಡಿದರು. ಕುರಿಯವ ಬಾಯಿ ಬಿಟ್ಟು ನೋಡಿ ನನ್ನನ್ನು ಕೇಳಿದ. "ಮೋಟರೂ ಉಪಾಸ ಐತೇನ್ರೀ ಯವ್ವಾ?"

ನಾಲ್ಕು ಡಬ್ಬಿ ನೀರು. ಪ್ರತಿ ಡಬ್ಬಿಗೂ ಅತ್ತೆ ದಂಡೆ ಇಳಿದು, ಸೀರೆಯ ಆ ತುದಿಯನ್ನು ಕಾಲುವೆಯಲ್ಲಿ ಜಾಲಾಡಿ, ಮೊಣಕಾಲು ಹಿಡಿದುಕೊಂಡು ಹತ್ತಿ ಬರಬೇಕು. "ಅವ್ವಾ, ಅಲ್ಲಿ ಒಂದ ಜೀವಾ ಹಸದ ಕುಂತೈತಿ!" ಎಂದು ಇವರು ಗಡಿಯಾರ ತೋರಿಸಿದರು. "ಗೊತ್ತೈತಿ" ಎಂದರು ಅತ್ತೆ. ಅವರ ಕಣ್ಣಲ್ಲಿ ನೀರಿತ್ತು. ಆದರೂ ನಾಲ್ಕನೆಯ ಸಲ ಇಳಿದರು. ಐದನೆಯದು ಬೇಕಾಗಿದ್ದರೆ ನಾನೇ ಕೈಹಿಡಿದು ಇಳಿಸುತ್ತಿದ್ದೆ; ಪುಣ್ಯಕ್ಕೆ ರೇಡಿಯೇಟರ್ ತುಂಬಿತು.

ಸತ್ತಿ ಮುಟ್ಟಿದಾಗ ಬಿಸಿಲು ಏರಿತ್ತು. ಪಡಸಾಲೆಯಲ್ಲಿ ಮಣೆಯ ಮೇಲೆ ದೊಡ್ಡತ್ತೆ ಗೋಡೆಗೊರಗಿ ಕೂತಿದ್ದರು. ಸುತ್ತ ನಿಂತವರೆಲ್ಲ ಬೇಡಿಕೊಂಡು ಸೋತಿದ್ದರು. ಅತ್ತೆ ಸೊಂಟದ ಮೇಲೆ ಕೊಡ ಇಟ್ಟುಕೊಂಡು ಒಳಗೆ ಬಂದರು. ದೊಡ್ಡತ್ತೆ ಮೊದಲು ಕೊಡವನ್ನು ನೋಡಿದರು, ಆಮೇಲೆ ತಂಗಿಯನ್ನು.

"ಎಷ್ಟ ಹೊತ್ತ ಮಾಡಿದಿ" ಎಂದರು. ಏಳು ವರ್ಷದ ಮೇಲೆ ಮೊದಲ ಮಾತು.

"ಮೋಟರ ಕುದ್ದ ನಿಂತಿತ್ತು."

"ಕೊಡದಾಗ ನೀರಿತ್ತಲ್ಲ, ಹಾಕಬೇಕಿಲ್ಲ? ದಿನಾ ಹಾಕ್ತಿದ್ದಿ."

"ಇದು ನಿಂದು" ಎಂದರು ಅತ್ತೆ.

ಅತ್ತೆ ಸೀರೆ ಮುಂದಿಟ್ಟರು. ಒಂದು ತುದಿ ಒದ್ದೆ, ಕೆಂಪು ಮಣ್ಣು, ಒಂದು ಹುಲ್ಲಿನ ಎಸಳು.

"ಇದೇನ?"

"ದಾರ್‍ಯಾಗ ನೀರ ಸೋಸಿದ್ನಿ. ಮೋಟರಿಗೆ."

ದೊಡ್ಡತ್ತೆ ತಂಗಿಯ ಮುಖವನ್ನೇ ನೋಡಿದರು. ನಗಲು ಹೊಟ್ಟೆಯಲ್ಲಿ ಬಲವಿಲ್ಲದೆ ಹೆಗಲು ಮಾತ್ರ ಕುಲುಕಿದವು. "ಹುಚ್ಚೀ, ಅವ್ವನಕಿಂತಾ ಬಿಗಿ ಆದೀಯಲ್ಲ" ಎಂದು ಬೊಗಸೆ ಒಡ್ಡಿದರು. ಅತ್ತೆ ಕೊಡ ಬಗ್ಗಿಸಿದ ಅವಸರಕ್ಕೆ ಅರ್ಧ ನೀರು ನೆಲಕ್ಕೆ ಹೋಯಿತು. ಉಳಿದರ್ಧವನ್ನು ದೊಡ್ಡತ್ತೆ ಕಣ್ಣು ಮುಚ್ಚಿ ಕುಡಿದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ನನ್ನವರು ಕಾರು ನೋಡಿ ಬರುತ್ತೇನೆಂದು ಹೊರಗೆ ಹೋದರು. ಆ ಹೊತ್ತಿನಲ್ಲಿ ಕಾರಿನಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಹೊತ್ತು ಮುಳುಗುವ ಮುಂಚೆ ಮನೆ ಸೇರಬೇಕಿತ್ತು, ಮಾತು ಕೊಟ್ಟಾಗಿತ್ತು. ಹೊರಡುವಾಗ ದೊಡ್ಡತ್ತೆಯ ಮನೆಯ ನೀರನ್ನೇ ಕೊಡಕ್ಕೆ ತುಂಬಿ ತಂದು ರೇಡಿಯೇಟರಿಗೆ ಹಾಕಲು ನಿಂತೆ. ಅತ್ತೆ ಮಡಿಚಿದ ಬಟ್ಟೆಯೊಂದನ್ನು ನನ್ನ ಕೈಗಿಟ್ಟರು. ಬೆಳಿಗ್ಗೆಯದೇ, ಒಗೆದು ಒಣಗಿಸಿದ್ದರು. "ಈ ಸಲ ಮುಚ್ಚಳಾ ಹಾಕೂ ಮುಂದ ಅರಿವಿ ತಗೀ ಬೇ" ಎಂದರು, ನನಗೊಬ್ಬಳಿಗೆ ಕೇಳುವಷ್ಟು ಮೆಲ್ಲಗೆ.

ತೆಗೆದೆ. ಎರಡು ಸಲ ನೋಡಿ ಮುಚ್ಚಳ ಹಾಕಿದೆ. ಇವರು ಕೊಡ ಎತ್ತಿಕೊಂಡು ಡಿಕ್ಕಿ ತೆರೆದರು.

"ಅದನ್ಯಾಕ ಇಡತಿ?" ಎಂದರು ಅತ್ತೆ.

"ದಾರ್‍ಯಾಗ ನೀರಿಗೆ ಬೇಕಲ್ಲ ಅವ್ವಾ."

"ಹೊಸಾ ರೇಡಿಯೇಟರ ಹಾಕೀಯಲ್ಲ, ಅದೂ ದೊಡ್ಡದು. ಇನ್ನ ಕೊಡಾ ಯಾಕ ಬೇಕು? ಇಲ್ಲೇ ಇರಲಿ."

ಅಕ್ಕನ ಕಡೆ ನೋಡದೆ ಹಾಗೆಂದು, ಕಾರಿನಲ್ಲಿ ಕೂತು ಬಾಗಿಲು ಎಳೆದುಕೊಂಡರು. ದೊಡ್ಡತ್ತೆ ನನ್ನವರ ಕೈಯಿಂದ ಕೊಡ ತೆಗೆದುಕೊಂಡು, ಹತ್ತು ದಿನ ಉಪವಾಸ ಮಾಡಿದ ಸೊಂಟದ ಮೇಲೆ ಇಟ್ಟುಕೊಂಡು, ಕಾರು ಓಣಿಯ ತಿರುವು ದಾಟುವ ತನಕ ಬಾಗಿಲಲ್ಲೇ ನಿಂತಿದ್ದರು.